ಪರದೆಯಲ್ಲಿ ಬೇಕಾದಷ್ಟು ಮಾತ್ರ

ಅರ್ಜಿ ಸಲ್ಲಿಕೆಯಾಗುತ್ತಿಲ್ಲ, ಕೆಂಪು ಅಕ್ಷರದಲ್ಲಿ ಏನೋ ಬರುತ್ತಿದೆ ಎಂದು ಫೋನಿನಲ್ಲಿ ಗೋಳು ತೋಡಿಕೊಂಡರೆ ಆ ಕಡೆಯಿಂದ ಬರುವ ಉತ್ತರ ಒಂದೇ: ‘ಒಂದು ಸ್ಕ್ರೀನ್‌ಶಾಟ್ ಕಳ್ಸಿ ಸಾರ್, ನೋಡ್ತೀನಿ.’ ಸ್ವಲ್ಪ ಹೊತ್ತಿಗೆ ವಾಟ್ಸ್‌ಆ್ಯಪ್‌ಗೆ ಹೋಗುವುದು ಮಾನಿಟರ್‌ಗೆ ಮೊಬೈಲ್ ಹಿಡಿದು ಹೊಡೆದ ಫೋಟೊ. ಓರೆಯಾಗಿ ನಿಂತ ಪರದೆ, ಅದರ ಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬ, ಕೆಳಗೆ ಅರ್ಧ ಕೀಬೋರ್ಡು, ಪಕ್ಕದಲ್ಲೊಂದು ಟೀ ಲೋಟ. ಬೇಕಾಗಿದ್ದ ಎರಡು ಸಾಲು ಮಾತ್ರ ಬಣ್ಣಬಣ್ಣದ ಪಟ್ಟೆಗಳ ಕೆಳಗೆ ಎಲ್ಲೋ ಇರುತ್ತದೆ.

ಆ ಪಟ್ಟೆಗಳು ಮೊಬೈಲಿನ ದೋಷವಲ್ಲ. ಮಾನಿಟರ್ ಎಂದರೆ ಸಾಲಾಗಿ ಜೋಡಿಸಿದ ಚುಕ್ಕಿಗಳ ಜಾಲ. ಕ್ಯಾಮೆರಾದೊಳಗಿನ ಸೆನ್ಸರ್ ಇನ್ನೊಂದು ಜಾಲ. ಒಂದರ ಅಳತೆಗೆ ಇನ್ನೊಂದರ ಅಳತೆ ಹೊಂದದಿದ್ದಾಗ ಎರಡರಲ್ಲೂ ಇಲ್ಲದ ಅಲೆಗಳು ಚಿತ್ರದಲ್ಲಿ ಮೂಡುತ್ತವೆ. ಮೊಯ್ರೆ ಎಂದು ಇದಕ್ಕೆ ಹೆಸರು. ಅಷ್ಟು ಸಾಲದೆಂಬಂತೆ ವಾಟ್ಸ್‌ಆ್ಯಪ್ ಆ ಚಿತ್ರವನ್ನು ಕುಗ್ಗಿಸಿಯೇ ದಾಟಿಸುತ್ತದೆ. ಆ ಕಡೆಯವನು ಹಿಗ್ಗಿಸಿ ಹಿಗ್ಗಿಸಿ ನೋಡಿ, ಕೊನೆಗೆ ‘ಏನು ಬರೆದಿದೆ ಅಂತ ನೀವೇ ಓದಿ ಹೇಳಿ’ ಅನ್ನುತ್ತಾನೆ.

ಬೇಕಾಗಿರುವುದು ಬಹಳ ಸಣ್ಣ ಕೆಲಸ. ಪರದೆಯ ಇಂಥ ಮೂಲೆಯಿಂದ ಇಂಥ ಮೂಲೆಯವರೆಗೆ ಒಂದು ಚೌಕ ಎಳೆಯಬೇಕು, ಅಷ್ಟು ಮಾತ್ರ ಕೈಗೆ ಸಿಗಬೇಕು. ಇದಕ್ಕೊಂದು ಒಳ್ಳೆಯ ಸಾಫ್ಟ್‌ವೇರ್ ಯಾವುದು ಎಂದು ಹುಡುಕಿದರೆ ಹತ್ತಾರು ಹೆಸರು ಸಿಗುತ್ತವೆ. ಪ್ರತಿಯೊಂದರ ಮುಂದೂ ಬಾಣ ಬಿಡಿಸುವ, ಬಣ್ಣ ತುಂಬುವ, ವಿಡಿಯೊ ಮಾಡುವ ಸೌಲಭ್ಯಗಳ ಪಟ್ಟಿ. ನನ್ನ ಪ್ರಕಾರ ಆ ಪಟ್ಟಿಗಳನ್ನು ಹೋಲಿಸುತ್ತ ಕೂರುವುದು ದಂಡ. ಚೌಕ ಎಳೆಯುವುದನ್ನು ಎಲ್ಲವೂ ಮಾಡುತ್ತವೆ. ಎಳೆದ ಮೇಲೆ ಆ ಚೌಕ ಎಲ್ಲಿಗೆ ಹೋಗುತ್ತದೆ, ಅದನ್ನು ನೋಡಿ ಆರಿಸಬೇಕು.

ಕೀಬೋರ್ಡಿನ ಬಲಮೂಲೆಯಲ್ಲಿರುವ ಪ್ರಿಂಟ್ ಸ್ಕ್ರೀನ್ ಕೀಲಿಯಿಂದ ಶುರು ಮಾಡೋಣ. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಅದು ನಕ್ಷತ್ರ ಚಿಹ್ನೆಯ ಜತೆ ಒಂದೇ ಕೀಲಿ ಹಂಚಿಕೊಂಡಿತ್ತು. ಶಿಫ್ಟ್ ಹಿಡಿದು ಒತ್ತಿದರೆ ಪರದೆಯ ಮೇಲಿದ್ದ ಅಕ್ಷರಗಳೆಲ್ಲ ನೇರವಾಗಿ ಪ್ರಿಂಟರಿಗೆ ಹೋಗುತ್ತಿದ್ದವು. ಹೆಸರು ಹೇಳಿದ್ದನ್ನೇ ಕೀಲಿ ಮಾಡುತ್ತಿದ್ದ ಕಾಲ ಅದು. ಅದಕ್ಕೂ ಮುಂಚೆ ಪ್ರಯೋಗಾಲಯಗಳಲ್ಲಿ ಸಿಆರ್‌ಟಿ ಪರದೆಯ ಮುಂದೆ ಬೆಳಕು ನುಗ್ಗದಂತೆ ಕಪ್ಪು ಗೂಡು ಕೂರಿಸಿ ಪೊಲರಾಯ್ಡ್ ಕ್ಯಾಮೆರಾದಲ್ಲಿ ಚಿತ್ರ ತೆಗೆಯುತ್ತಿದ್ದರು. ಇವತ್ತು ಮಾನಿಟರ್‌ಗೆ ಮೊಬೈಲ್ ಹಿಡಿಯುವವರ ಬೆನ್ನಿಗೆ ದೊಡ್ಡ ಪರಂಪರೆಯೇ ಇದೆ ಅನ್ನಿ.

ವಿಂಡೋಸ್ ಬಂದ ಮೇಲೆ ಆ ಕೀಲಿಯ ಕೆಲಸ ಬದಲಾಯಿತು. ಒತ್ತಿದರೆ ಇಡೀ ಪರದೆಯ ಚಿತ್ರ ಕ್ಲಿಪ್‌ಬೋರ್ಡಿಗೆ ಹೋಗಿ ಕೂರುತ್ತಿತ್ತು. ಹೊರಗೆ ಏನೂ ಕಾಣಿಸುತ್ತಿರಲಿಲ್ಲ, ಸದ್ದೂ ಇರಲಿಲ್ಲ. ಕೀಲಿ ಕೆಟ್ಟಿದೆ ಎಂದುಕೊಂಡು ನಾಲ್ಕಾರು ಸಲ ಕುಟ್ಟಿ ಸುಮ್ಮನಾದವರು ಎಷ್ಟೋ ಮಂದಿ. ಗೊತ್ತಿದ್ದವರ ದಾರಿ ಪೇಂಟ್‌ನದು. ಸ್ಟಾರ್ಟ್ ಮೆನುವಿನಲ್ಲಿ ಪೇಂಟ್ ಹುಡುಕಿ ತೆರೆಯಬೇಕು, ಕಂಟ್ರೋಲ್-ವಿ ಒತ್ತಬೇಕು, ಸೆಲೆಕ್ಟ್ ಒತ್ತಿ ಬೇಕಾದ ಭಾಗದ ಸುತ್ತ ಚುಕ್ಕಿಗೆರೆ ಎಳೆಯಬೇಕು, ಕ್ರಾಪ್ ಕೊಡಬೇಕು, ಸೇವ್ ಆ್ಯಸ್‌ಗೆ ಹೋಗಿ ಹೆಸರು ಕೊಡಬೇಕು, ಆಮೇಲೆ ಅದನ್ನು ಯಾವ ಫೋಲ್ಡರಿಗೆ ಹಾಕಿದೆ ಎಂದು ಹುಡುಕಬೇಕು. ಹಳೆಯ ಪೇಂಟ್ ಬಿಟ್‌ಮ್ಯಾಪ್ ಆಗಿ ಉಳಿಸಿದರಂತೂ ಇನ್ನೊಂದು ಪೀಕಲಾಟ. 1920 ಅಡ್ಡ, 1080 ಉದ್ದದ ಪರದೆಯಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚುಕ್ಕಿ, ಚುಕ್ಕಿಗೆ ಮೂರು ಬೈಟ್, ಫೈಲು 6.2 ಎಂಬಿ. ಅದೇ ಚಿತ್ರದಲ್ಲಿ ಬರೀ ಅಕ್ಷರಗಳಿದ್ದರೆ ಪಿಎನ್‌ಜಿಯಲ್ಲಿ ಅದರ ಸಣ್ಣದೊಂದು ಪಾಲಿನಲ್ಲಿ ಮುಗಿಯುತ್ತದೆ, ಒಂದು ಚುಕ್ಕಿಯೂ ಕೆಡುವುದಿಲ್ಲ. ಜೆಪೆಗ್ ಇನ್ನೂ ಚಿಕ್ಕದಾದೀತು, ಆದರೆ ಅಕ್ಷರದ ಅಂಚಿಗೆ ಮಸಿ ಹರಡಿದಂತೆ ಕೊಳೆ ಹತ್ತುತ್ತದೆ. ಮರ, ಮುಖ, ಮೋಡಗಳಿಗೆ ಜೆಪೆಗ್. ಅಕ್ಷರ ಮತ್ತು ಗೆರೆಗಳಿಗೆ ಪಿಎನ್‌ಜಿ.

ಆಲ್ಟ್ ಹಿಡಿದು ಪ್ರಿಂಟ್ ಸ್ಕ್ರೀನ್ ಒತ್ತಿದರೆ ಎದುರಿಗಿರುವ ಕಿಟಕಿಯ ಚಿತ್ರ ಮಾತ್ರ ಸಿಗುತ್ತದೆ ಎನ್ನುವುದು ಅಂದಿನಿಂದ ಇಂದಿನವರೆಗೂ ಉಳಿದುಕೊಂಡು ಬಂದ ಉಪಾಯ. ಪುಟ್ಟ ಎರರ್ ಪೆಟ್ಟಿಗೆಯೊಂದು ಎದ್ದು ಕೂತಾಗ ಇದಕ್ಕಿಂತ ಚುರುಕಾದದ್ದು ಇಲ್ಲ. ಚೌಕ ಎಳೆಯುವ ತೊಂದರೆಯೂ ಇಲ್ಲ.

ವಿಂಡೋಸ್ ಎಕ್ಸ್‌ಪಿ ದಿನಗಳಲ್ಲಿ ನಡೆಯುತ್ತಿದ್ದ ಒಂದು ತಮಾಷೆ ಹಳಬರಿಗೆ ನೆನಪಿರಬಹುದು. ಸಿನಿಮಾ ಓಡುತ್ತಿರುವಾಗ ಪ್ರಿಂಟ್ ಸ್ಕ್ರೀನ್ ಒತ್ತಿ ಪೇಂಟ್‌ಗೆ ತಂದು ಹಾಕಿದರೆ, ಪೇಂಟ್‌ನೊಳಗೂ ಸಿನಿಮಾ ಓಡುತ್ತಿತ್ತು! ಪೇಂಟ್ ಕಿಟಕಿಯನ್ನು ಕೊಂಚ ಪಕ್ಕಕ್ಕೆ ಎಳೆದರೆ ನಟನ ಮುಖ ಅಲ್ಲೇ ನಿಂತು ಚೌಕಟ್ಟು ಮಾತ್ರ ಸರಿಯುತ್ತಿತ್ತು. ಕಾರಣ ಇಷ್ಟೆ. ಆಗ ವಿಡಿಯೊವನ್ನು ಗ್ರಾಫಿಕ್ಸ್ ಕಾರ್ಡು ಬೇರೆ ಪದರದಲ್ಲಿ ಬಿಡಿಸುತ್ತಿತ್ತು. ವಿಂಡೋಸ್ ಆ ಜಾಗಕ್ಕೆ ಒಂದು ಗೊತ್ತುಪಡಿಸಿದ ಬಣ್ಣ ಬಳಿದಿಡುತ್ತಿತ್ತು, ಆ ಬಣ್ಣ ಕಂಡಲ್ಲೆಲ್ಲ ಕಾರ್ಡು ವಿಡಿಯೊ ತುಂಬುತ್ತಿತ್ತು. ಸ್ಕ್ರೀನ್‌ಶಾಟಿಗೆ ಸಿಕ್ಕಿದ್ದು ಆ ಬಣ್ಣ ಮಾತ್ರ. ಪೇಂಟ್‌ನಲ್ಲಿ ಅದೇ ಬಣ್ಣ ಅದೇ ಜಾಗದಲ್ಲಿ ಕಂಡಾಗ ಕಾರ್ಡು ಅಲ್ಲೂ ಸಿನಿಮಾ ತೋರಿಸಿತು. ವಿಸ್ಟಾ ಬಂದ ಮೇಲೆ ಪ್ರತಿ ಕಿಟಕಿಯನ್ನೂ ಬೇರೆಬೇರೆ ಬಿಡಿಸಿ ಕೊನೆಗೆ ಒಟ್ಟುಗೂಡಿಸುವ ವ್ಯವಸ್ಥೆ ರೂಢಿಯಾಯಿತು, ಈ ಮೋಜು ಮರೆಯಾಯಿತು.

ಮ್ಯಾಕಿಂಟಾಷ್‌ನವರಿಗೆ ಈ ಪೇಂಟ್ ಪ್ರದಕ್ಷಿಣೆಯ ಕಷ್ಟ ಅಷ್ಟಾಗಿ ಇರಲಿಲ್ಲ. 1984ರ ಮೊದಲ ಮ್ಯಾಕ್‌ನಲ್ಲೇ ಕಮಾಂಡ್-ಶಿಫ್ಟ್-3 ಒತ್ತಿದರೆ ಪರದೆಯ ಚಿತ್ರ ಫೈಲಾಗಿ ಉಳಿಯುತ್ತಿತ್ತು. ಈಗ ಬೇಕಾದಷ್ಟೇ ಭಾಗಕ್ಕೆ ಕಮಾಂಡ್-ಶಿಫ್ಟ್-4. ಮೌಸಿನ ಬಾಣ ಕೂಡುಗೆರೆಯಾಗುತ್ತದೆ, ಎಳೆಯುತ್ತ ಹೋದಂತೆ ಚೌಕದ ಅಳತೆ ಪಕ್ಕದಲ್ಲಿ ಅಂಕಿಯಾಗಿ ಕಾಣುತ್ತದೆ. ಚೌಕದ ಗಾತ್ರ ಸರಿಯಿದ್ದು ಜಾಗ ಮಾತ್ರ ತಪ್ಪಿದ್ದರೆ ಮೌಸ್ ಬಿಡದೆ ಸ್ಪೇಸ್‌ಬಾರ್ ಒತ್ತಿ ಹಿಡಿಯಿರಿ. ಇಡೀ ಚೌಕವನ್ನೇ ಆಚೀಚೆ ಸರಿಸಬಹುದು. ಎಳೆಯುವ ಮೊದಲೇ ಸ್ಪೇಸ್ ಒತ್ತಿದರೆ ಪುಟ್ಟ ಕ್ಯಾಮೆರಾ ಬರುತ್ತದೆ, ಯಾವ ಕಿಟಕಿಯ ಮೇಲೆ ಒತ್ತುತ್ತೀರೋ ಅದರ ಚಿತ್ರ ಸಿಗುತ್ತದೆ. ಜತೆಗೆ ಕಂಟ್ರೋಲ್ ಹಿಡಿದರೆ ಫೈಲಾಗದೆ ಕ್ಲಿಪ್‌ಬೋರ್ಡಿಗೆ ಹೋಗುತ್ತದೆ. ಡೆಸ್ಕ್‌ಟಾಪ್ ತುಂಬ ಸ್ಕ್ರೀನ್‌ಶಾಟ್‌ಗಳ ಸಂತೆ ನೆರೆಯದಿರಲು ಇದು ಒಳ್ಳೆಯ ಮದ್ದು. 2018ರ ಮೊಹಾವೆ ಆವೃತ್ತಿಯಿಂದ ಕಮಾಂಡ್-ಶಿಫ್ಟ್-5 ಒತ್ತಿದರೆ ಎಲ್ಲ ಆಯ್ಕೆಗಳೂ ಒಂದೇ ಪಟ್ಟಿಯಲ್ಲಿ ಬರುತ್ತವೆ. ಮ್ಯಾಕ್ ಇರುವವರು ಬೇರೆ ಏನನ್ನೂ ಹುಡುಕಬೇಕಿಲ್ಲ.

ವಿಂಡೋಸ್‌ನ ಸ್ನಿಪಿಂಗ್ ಟೂಲ್ ಹುಟ್ಟಿದ್ದು ಪೆನ್ನಿನಿಂದ ಬರೆಯುವ ಟ್ಯಾಬ್ಲೆಟ್ ಪಿಸಿಗಳಿಗಾಗಿ, ಎಕ್ಸ್‌ಪಿಯ ಕಾಲದಲ್ಲಿ. ಅದರಲ್ಲಿ ಮನಬಂದಂತೆ ಸುತ್ತು ಎಳೆದು ಕತ್ತರಿಸುವ ಆಯ್ಕೆ ಇರುವುದು ಅದಕ್ಕೇ ಇರಬೇಕು. ಮೌಸಿನಲ್ಲಿ ಹಾಗೆ ಎಳೆದರೆ ಚಿತ್ರದ ಅಂಚು ಇಲಿ ಕಡಿದ ಹಾಗಿರುತ್ತದೆ, ಯಾರೂ ಬಳಸುವುದಿಲ್ಲ. 2007ರ ವಿಸ್ಟಾದಿಂದ ಅದು ವಿಂಡೋಸ್‌ನ ಭಾಗವಾಯಿತು. ಇಷ್ಟು ವರ್ಷದಿಂದ ಸ್ಟಾರ್ಟ್ ಮೆನುವಿನಲ್ಲೇ ಇದ್ದರೂ ಅದರ ಪರಿಚಯ ಇಲ್ಲದವರೇ ಹೆಚ್ಚು. ನಿಜವಾಗಿ ಕೆಲಸ ಸಲೀಸಾದದ್ದು 2017ರಲ್ಲಿ, ವಿಂಡೋಸ್ 10ರ ಒಂದು ಅಪ್‌ಡೇಟ್‌ನಲ್ಲಿ ವಿಂಡೋಸ್-ಶಿಫ್ಟ್-ಎಸ್ ಬಂದಾಗ.

ಎಡಗೈಯಲ್ಲೇ ಮೂರೂ ಕೀಲಿ ಎಟುಕುತ್ತವೆ. ಒತ್ತಿದ ತಕ್ಷಣ ಪರದೆ ಮಂಕಾಗುತ್ತದೆ. ಆ ಕ್ಷಣದಲ್ಲೇ ಇಡೀ ಪರದೆಯ ಚಿತ್ರ ಸೆರೆಯಾಗಿಬಿಟ್ಟಿರುತ್ತದೆ. ನೀವು ಚೌಕ ಎಳೆಯುವುದು ಆ ನಿಂತ ಚಿತ್ರದ ಮೇಲೆ. ಹಾಗಾಗಿ ನಿಧಾನವಾಗಿ, ಮೂಲೆ ನೋಡಿಕೊಂಡು ಎಳೆಯಬಹುದು, ಅವಸರವಿಲ್ಲ. ಬೇಡವೆನಿಸಿದರೆ ಎಸ್ಕೇಪ್. ಚೌಕ ಬಿಟ್ಟಾಗ ಚಿತ್ರ ಕ್ಲಿಪ್‌ಬೋರ್ಡಿನಲ್ಲಿರುತ್ತದೆ; ವಾಟ್ಸ್‌ಆ್ಯಪ್ ವೆಬ್‌ನಲ್ಲೋ ಇ–ಮೇಲ್‌ನಲ್ಲೋ ವರ್ಡ್‌ನಲ್ಲೋ ಕಂಟ್ರೋಲ್-ವಿ ಒತ್ತಿದರೆ ಮುಗಿಯಿತು. ಪೇಂಟ್ ಇಲ್ಲ, ಫೈಲ್ ಇಲ್ಲ, ಫೋಲ್ಡರ್ ಹುಡುಕಾಟ ಇಲ್ಲ. ಫೈಲೂ ಬೇಕು ಎನ್ನುವವರಿಗೆ ವಿಂಡೋಸ್ 11 ತಾನಾಗಿಯೇ ಪಿಕ್ಚರ್ಸ್ ಒಳಗಿನ ಸ್ಕ್ರೀನ್‌ಶಾಟ್ಸ್ ಫೋಲ್ಡರಿನಲ್ಲಿ ಒಂದು ಪ್ರತಿ ಇಡುತ್ತದೆ. ಇದು ಅನುಕೂಲವೂ ಹೌದು, ಅಪಾಯವೂ ಹೌದು: ಕಚೇರಿಯ ಅಥವಾ ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ನಿಮ್ಮ ಆಧಾರ್ ಪುಟ ಕತ್ತರಿಸಿಕೊಂಡು ಎದ್ದು ಬಂದರೆ ಪ್ರತಿ ಅಲ್ಲೇ ಉಳಿದಿರುತ್ತದೆ. ಅಳಿಸಿ ಬನ್ನಿ, ರಿಸೈಕಲ್ ಬಿನ್‌ನಿಂದಲೂ.

ಮೌಸ್ ಕದಲಿಸಿದರೆ ಮಾಯವಾಗುವ ಮೆನುವಿನ ಚಿತ್ರ ಬೇಕಾದಾಗ ಎಲ್ಲರೂ ಎಡವುತ್ತಾರೆ. ಅದಕ್ಕೆ ಸ್ನಿಪಿಂಗ್ ಟೂಲ್ ತೆರೆದು ಗಡಿಯಾರದ ಗುರುತು ಒತ್ತಿ ಕೆಲವು ಸೆಕೆಂಡಿನ ಗಡುವು ಕೊಡಬೇಕು. ಅಷ್ಟರಲ್ಲಿ ಮೆನು ತೆರೆದು ಹಿಡಿದರೆ ಪರದೆ ತಾನಾಗಿ ನಿಲ್ಲುತ್ತದೆ. ಒಂದರ ಹಿಂದೊಂದು ನಾಲ್ಕೈದು ಚೌಕ ಬೇಕೆಂದರೆ ಸೆಟ್ಟಿಂಗ್ಸ್‌ನಲ್ಲಿ ಕ್ಲಿಪ್‌ಬೋರ್ಡ್ ಹಿಸ್ಟರಿ ಆನ್ ಮಾಡಿ, ವಿಂಡೋಸ್-ವಿ ಒತ್ತಿ ನೋಡಿ. ಹಿಂದಿನ 25ರವರೆಗೂ ಅಲ್ಲಿ ಸಾಲಾಗಿ ಸಿಗುತ್ತವೆ.

ಲಿನಕ್ಸ್ ಮಂದಿಗೆ ಹೇಳುವುದು ಹೆಚ್ಚಿಲ್ಲ, ಅವರು ಹೇಗೂ ಹುಡುಕಿಕೊಂಡಿರುತ್ತಾರೆ. 2022ರ ಗ್ನೋಮ್ 42ರಿಂದ, ಅಂದರೆ ಉಬುಂಟು 22.04ರಿಂದ, ಪ್ರಿಂಟ್ ಸ್ಕ್ರೀನ್ ಒತ್ತಿದರೆ ಚೌಕ ಎಳೆಯುವ ವ್ಯವಸ್ಥೆ ತಾನೇ ಎದ್ದು ಬರುತ್ತದೆ. ಕೆಡಿಇಯಲ್ಲಿ ಸ್ಪೆಕ್ಟಕಲ್ ಇದೆ. ಎಳೆದ ಚೌಕದ ಮೇಲೆ ಅಲ್ಲೇ ಬಾಣ, ಅಂಕಿ ಹಾಕಬೇಕೆನ್ನುವವರಿಗೆ ಫ್ಲೇಮ್‌ಶಾಟ್ ಇದೆ. ಹಳೆಯ ಕೆಲವು ಸ್ಕ್ರೀನ್‌ಶಾಟ್ ತಂತ್ರಾಂಶಗಳು ಈಗ ಕೆಲಸ ಮಾಡುತ್ತಿಲ್ಲ ಎಂಬ ದೂರು ಅವರಲ್ಲಿ ಆಗಾಗ ಕೇಳುತ್ತದೆ. 1980ರ ದಶಕದ ಎಕ್ಸ್ ವ್ಯವಸ್ಥೆಯಲ್ಲಿ ಯಾವ ತಂತ್ರಾಂಶ ಬೇಕಾದರೂ ಇಡೀ ಪರದೆಯನ್ನು ಇಣುಕಬಹುದಿತ್ತು. ಈಗಿನ ವೇಲ್ಯಾಂಡ್‌ನಲ್ಲಿ ಅಪ್ಪಣೆ ಕೇಳಬೇಕು. ದೂರು ನ್ಯಾಯವೇ, ಆದರೆ ಬದಲಾವಣೆ ಒಳ್ಳೆಯದಕ್ಕೇ ಆದದ್ದು. ಪರದೆ ನೋಡುವ ಅಧಿಕಾರ ಎಂದರೆ ನಿಮ್ಮ ಬ್ಯಾಂಕಿನ ಪುಟ ನೋಡುವ ಅಧಿಕಾರವೂ ಹೌದು.

ಹಾಗಾದರೆ ಹೊರಗಿನ ಸಾಫ್ಟ್‌ವೇರ್ ಯಾರಿಗೂ ಬೇಡವೇ? ಕೆಲವರಿಗೆ ಬೇಕು. ದಿನವಿಡೀ ಒಂದೇ ಜಾಗದ ಚಿತ್ರ ತೆಗೆಯುವವರಿದ್ದಾರೆ: ಮಾರುಕಟ್ಟೆಯ ಗ್ರಾಫ್ ನೋಡುವವರು, ತಂತ್ರಾಂಶದ ಕೈಪಿಡಿ ಬರೆಯುವವರು, ಆನ್‌ಲೈನ್ ಪಾಠದ ಸ್ಲೈಡುಗಳನ್ನು ಹಿಡಿದಿಟ್ಟುಕೊಳ್ಳುವ ವಿದ್ಯಾರ್ಥಿಗಳು. ಅವರಿಗೆ ಗ್ರೀನ್‌ಶಾಟ್ ಹೇಳಿ ಮಾಡಿಸಿದ್ದು. ವಿಂಡೋಸ್‌ನಲ್ಲಿ ಉಚಿತ, ಮುಕ್ತ ತಂತ್ರಾಂಶ. ಶಿಫ್ಟ್ ಹಿಡಿದು ಪ್ರಿಂಟ್ ಸ್ಕ್ರೀನ್ ಒತ್ತಿದರೆ ಹಿಂದಿನ ಸಲ ಎಳೆದ ಚೌಕವನ್ನೇ ಮತ್ತೆ ಹಿಡಿಯುತ್ತದೆ. ಮೌಸ್ ಮುಟ್ಟಬೇಕಾಗಿಯೇ ಇಲ್ಲ. ಎಲ್ಲ ಚಿತ್ರಗಳೂ ಒಂದೇ ಅಳತೆಗೆ, ಒಂದೇ ಜಾಗಕ್ಕೆ ಬರುತ್ತವೆ. ಪುಸ್ತಕಕ್ಕೋ ಕೈಪಿಡಿಗೋ ಚಿತ್ರ ಜೋಡಿಸಿದವರಿಗೆ ಮಾತ್ರ ಇದರ ಬೆಲೆ ಗೊತ್ತು. ಶೇರ್‌ಎಕ್ಸ್ ಕೂಡ ಉಚಿತ, ಅದರಲ್ಲಿ ಇಲ್ಲದ ಸೌಲಭ್ಯವೇ ಇಲ್ಲ. ಹಾಗಾಗಿ ಅದರ ಸೆಟ್ಟಿಂಗ್ಸ್ ಪುಟಗಳಲ್ಲಿ ಹೊಕ್ಕವರು ಹೊರಬರಲು ಒಂದು ಸಂಜೆ ಬೇಕು. 1990ರಿಂದ ಇರುವ ಸ್ನ್ಯಾಗಿಟ್‌ಗೆ ದುಡ್ಡು ತೆರಬೇಕು. ಕಂಪನಿ ತೆರುವುದಾದರೆ ಸರಿ.

ಪರದೆಗೆ ಹಿಡಿಸದಷ್ಟು ಉದ್ದದ ವೆಬ್ ಪುಟ ಬೇಕಾದವರು ಹೊಸದೇನನ್ನೂ ಹಾಕಿಕೊಳ್ಳಬೇಡಿ. ಫೈರ್‌ಫಾಕ್ಸ್‌ನಲ್ಲಿ ಪುಟದ ಮೇಲೆ ಬಲಕ್ಲಿಕ್ ಮಾಡಿದರೆ ಸ್ಕ್ರೀನ್‌ಶಾಟ್ ಆಯ್ಕೆ ಇದೆ, ಕಾಣದ ಭಾಗವನ್ನೂ ಸೇರಿಸಿ ಇಡೀ ಪುಟವನ್ನು ಉಳಿಸುತ್ತದೆ. ಇನ್ನು ಅಂಕಪಟ್ಟಿ, ರಸೀದಿ, ಪಹಣಿಯಂಥವನ್ನು ಚಿತ್ರವಾಗಿ ಹಿಡಿಯುವುದಕ್ಕಿಂತ ಕಂಟ್ರೋಲ್-ಪಿ ಒತ್ತಿ ಪಿಡಿಎಫ್ ಮಾಡಿಕೊಳ್ಳುವುದು ಎಷ್ಟೋ ಮೇಲು.

ಚೌಕ ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕೆಂದೆನಲ್ಲ, ಅದಕ್ಕೆ ಬರುತ್ತೇನೆ. ಕೆಲವು ಜನಪ್ರಿಯ ಉಚಿತ ತಂತ್ರಾಂಶಗಳಲ್ಲಿ ಚೌಕ ಎಳೆದೊಡನೆ ಪಕ್ಕದಲ್ಲೇ ಮೋಡದ ಗುಂಡಿ ಇರುತ್ತದೆ. ಒತ್ತಿದರೆ ಚಿತ್ರ ಅವರ ಸರ್ವರ್‌ಗೆ ಏರಿ ಪುಟ್ಟದೊಂದು ಲಿಂಕ್ ಸಿಗುತ್ತದೆ. ಲಿಂಕ್ ಕಳಿಸುವುದು ಸುಲಭ ನಿಜ. ಆದರೆ ಐದಾರು ಅಕ್ಷರದ ಆ ಲಿಂಕ್‌ನಲ್ಲಿ ಒಂದಕ್ಷರ ಬದಲಿಸಿದರೆ ಇನ್ಯಾರದೋ ಚಿತ್ರ ತೆರೆದುಕೊಂಡ ಉದಾಹರಣೆಗಳಿವೆ. ಪಾಸ್‌ವರ್ಡ್, ಬ್ಯಾಂಕ್ ವಿವರ, ಖಾಸಗಿ ಮಾತುಕತೆ ಎಲ್ಲವೂ ಹಾಗೆ ಬೀದಿಗೆ ಬಿದ್ದಿವೆ. ಹೊಸ ತಂತ್ರಾಂಶ ಹಾಕಿಕೊಂಡರೆ ಮೊದಲು ಅಪ್‌ಲೋಡ್ ಆಯ್ಕೆ ಎಲ್ಲಿದೆ ನೋಡಿ, ಆಫ್ ಮಾಡಿ.

ಕಂಪ್ಯೂಟರಿನಲ್ಲೇ ಉಳಿದ ಚಿತ್ರವೂ ಒಮ್ಮೆ ಕೈಕೊಟ್ಟಿತು. 2023ರ ಮಾರ್ಚ್‌ನಲ್ಲಿ ಸೈಮನ್ ಆ್ಯರನ್ಸ್ ಮತ್ತು ಡೇವಿಡ್ ಬ್ಯೂಕ್ಯಾನನ್ ಎಂಬಿಬ್ಬರು ಗೂಗಲ್‌ನ ಪಿಕ್ಸೆಲ್ ಫೋನುಗಳಲ್ಲೊಂದು ದೋಷ ಬಯಲಿಗೆಳೆದರು. ಅಕ್ರೊಪಲಿಪ್ಸ್ ಎಂದು ಅದಕ್ಕೆ ಹೆಸರಾಯಿತು. ಕೆಲವೇ ದಿನದಲ್ಲಿ ಅದೇ ಬಗೆಯ ದೋಷ ವಿಂಡೋಸ್ 11ರ ಸ್ನಿಪಿಂಗ್ ಟೂಲ್‌ನಲ್ಲೂ ವಿಂಡೋಸ್ 10ರ ಸ್ನಿಪ್ ಆ್ಯಂಡ್ ಸ್ಕೆಚ್‌ನಲ್ಲೂ ಕಂಡಿತು. ಉಳಿಸಿದ ಚಿತ್ರವನ್ನು ತೆರೆದು, ಬೇಡದ ಭಾಗ ಕತ್ತರಿಸಿ, ಅದೇ ಹೆಸರಿನಲ್ಲಿ ಮತ್ತೆ ಉಳಿಸಿದರೆ ಹೊಸ ಚಿಕ್ಕ ಚಿತ್ರ ಫೈಲಿನ ಮೊದಲ ಭಾಗದಲ್ಲಿ ಕೂರುತ್ತಿತ್ತು. ಉಳಿದ ಭಾಗ ಹಾಗೆಯೇ ಇರುತ್ತಿತ್ತು. ಹಳೆಯ ಕ್ಯಾಸೆಟ್ಟಿನ ಮೇಲೆ ಚಿಕ್ಕದೊಂದು ಹಾಡು ರೆಕಾರ್ಡ್ ಮಾಡಿದರೆ ಅದು ಮುಗಿದ ಮೇಲೆ ಹಳೆಯ ಹಾಡಿನ ಬಾಲ ಕೇಳಿಸುತ್ತಿತ್ತಲ್ಲ, ಹಾಗೆ. ನೋಡುವವರ ಕಣ್ಣಿಗೆ ಕತ್ತರಿಸಿದ ಚಿತ್ರ. ಫೈಲನ್ನು ಬಗೆದವರಿಗೆ ಕತ್ತರಿಸಿ ಎಸೆದದ್ದರ ತುಣುಕೂ ಸಿಗುತ್ತಿತ್ತು. ಎರಡೂ ಕಂಪನಿಗಳು ಅದೇ ತಿಂಗಳು ಸರಿಪಡಿಸಿದವು. ಆದರೆ ಅದಕ್ಕೂ ಮೊದಲು ಕಳಿಸಿಬಿಟ್ಟ ಚಿತ್ರಗಳನ್ನು ಯಾರೂ ಸರಿಪಡಿಸಲಾರರು. ದೊಡ್ಡದಾಗಿ ಹಿಡಿದು ಆಮೇಲೆ ಕತ್ತರಿಸುವುದಕ್ಕಿಂತ ಮೊದಲೇ ಬೇಕಾದಷ್ಟು ಹಿಡಿಯಿರಿ ಎನ್ನಲು ಇದಕ್ಕಿಂತ ಬಲವಾದ ಕಾರಣ ನನಗೆ ಗೊತ್ತಿಲ್ಲ.

ಚೌಕದೊಳಗೇ ಖಾತೆ ಸಂಖ್ಯೆ ಬಂದಿದ್ದರೆ ಅದರ ಮೇಲೆ ತುಂಬು ಕಪ್ಪು ಬಣ್ಣ ಬಳಿಯಿರಿ. ಮಸುಕು ಮಾಡುವ, ಚೌಕುಳಿ ಮಾಡುವ ಆಯ್ಕೆಗಳು ನೋಡಲು ಚೆಂದ, ನಂಬಲು ಆಗದು. ಚೌಕುಳಿ ಮಾಡಿದ ಅಕ್ಷರಗಳನ್ನು ಊಹಿಸಿ ತೆಗೆಯುವ ಡೀಪಿಕ್ಸ್ ಎಂಬ ತಂತ್ರಾಂಶ 2020ರಿಂದಲೇ ಎಲ್ಲರ ಕೈಗೂ ಸಿಗುತ್ತಿದೆ. ಮೊಬೈಲಿನ ಹೈಲೈಟರ್ ಪೆನ್ನಿನಲ್ಲಿ ಕಪ್ಪು ಗೀಚುವುದೂ ಬೇಡ, ಬೆಳಕು ಹೆಚ್ಚಿಸಿದರೆ ಕೆಳಗಿನ ಅಂಕಿ ಕಾಣಬಹುದು.

ಇಷ್ಟೆಲ್ಲ ಆದಮೇಲೂ ಸ್ಕ್ರೀನ್‌ಶಾಟ್ ಒಂದು ಚಿತ್ರ ಮಾತ್ರ, ದಾಖಲೆಯಲ್ಲ. ಹಣ ಹಾಕಿದ್ದೇನೆ ಎಂದು ನಕಲಿ ಯುಪಿಐ ಸ್ಕ್ರೀನ್‌ಶಾಟ್ ತೋರಿಸಿ ಅಂಗಡಿಯವರಿಗೆ ಟೋಪಿ ಹಾಕುವುದು ಮಾಮೂಲಾಗಿದೆ. ನ್ಯಾಯಾಲಯಕ್ಕೆ ಹೋದರೂ ಬರೀ ಚಿತ್ರ ಸಾಲದು: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ಡಿಜಿಟಲ್ ಪ್ರತಿಗೆ ಪ್ರಮಾಣಪತ್ರ ಬೇಕು. ಆನ್‌ಲೈನ್ ವಂಚನೆಗೆ ಸಿಕ್ಕವರು ಚಿತ್ರ ತೆಗೆದಿಟ್ಟುಕೊಳ್ಳಿ, ಆದರೆ ಮೂಲ ಸಂದೇಶ ಅಳಿಸಬೇಡಿ. 1930ಕ್ಕೆ ಕರೆ ಮಾಡುವುದನ್ನು ತಡಮಾಡಬೇಡಿ.

ಕನ್ನಡದವರಿಗೆ ಸ್ಕ್ರೀನ್‌ಶಾಟಿನ ನಂಟು ಸ್ವಲ್ಪ ಗಾಢ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತಿತ್ತು. ಕಳಿಸುವವರಿಗೆ ಉಳಿದಿದ್ದ ದಾರಿ ಪಿಡಿಎಫ್ ಇಲ್ಲವೇ ಚಿತ್ರ. ಯುನಿಕೋಡ್ ಎಲ್ಲೆಡೆ ಬಂದ ಮೇಲೂ ಆ ಅಭ್ಯಾಸ ಹೋಗಿಲ್ಲ. ಆಮಂತ್ರಣ, ಸುತ್ತೋಲೆ, ಪದ್ಯ ಎಲ್ಲವೂ ಚಿತ್ರವಾಗಿಯೇ ಓಡಾಡುತ್ತವೆ. ಚಿತ್ರದಿಂದ ಅಕ್ಷರ ತೆಗೆಯುವ ಸೌಲಭ್ಯ ಈಗ ಸ್ನಿಪಿಂಗ್ ಟೂಲ್‌ನಲ್ಲೇ ಇದೆ, ಇಂಗ್ಲಿಷ್‌ಗೆ ಚೆನ್ನಾಗಿದೆ. ಕನ್ನಡಕ್ಕೆ ನಾನು ನೆಚ್ಚುವುದು ಗೂಗಲ್ ಲೆನ್ಸ್ ಅನ್ನು, ಇಲ್ಲವೇ ಚಿತ್ರವನ್ನು ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯುವುದನ್ನು. ಹಿಡಿಯುವ ಮೊದಲು ಕಂಟ್ರೋಲ್ ಮತ್ತು ಪ್ಲಸ್ ಒತ್ತಿ ಪುಟವನ್ನು ಒಂದೂವರೆ ಪಟ್ಟೋ ಎರಡು ಪಟ್ಟೋ ಹಿಗ್ಗಿಸಿಕೊಳ್ಳಿ. ಪರದೆಯಲ್ಲಿ ಎಷ್ಟು ಚುಕ್ಕಿಯೋ ಚಿತ್ರದಲ್ಲೂ ಅಷ್ಟೇ. ಆಮೇಲೆ ಚಿತ್ರ ಹಿಗ್ಗಿಸಿದರೆ ಒತ್ತಕ್ಷರಗಳು ಮಸಿಯ ಮುದ್ದೆಯಾಗುತ್ತವೆ, ‘ತ್ತ’ ಯಾವುದು ‘ತ್ರ’ ಯಾವುದು ಮನುಷ್ಯರಿಗೇ ತಿಳಿಯದು, ಯಂತ್ರದ ಪಾಡೇನು.

ಎಷ್ಟೇ ಸ್ಪಷ್ಟವಾಗಿ ಹಿಡಿದರೂ ಆ ಚಿತ್ರ ಓದಲಾಗದವರು ನಮ್ಮ ನಡುವೆ ಇದ್ದಾರೆ. ದೃಷ್ಟಿದೋಷವುಳ್ಳವರು ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ಬಳಸಿ ಕನ್ನಡ ಪಠ್ಯವನ್ನು ಕೇಳಿಸಿಕೊಂಡು ಓದುತ್ತಾರೆ. ಚಿತ್ರ ಬಂದರೆ ಅದು ‘ಚಿತ್ರ’ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತದೆ. ಗುಂಪಿಗೆ ಸ್ಕ್ರೀನ್‌ಶಾಟ್ ಹಾಕುವಾಗ ಅದರಲ್ಲಿ ಏನಿದೆ ಎಂದು ಎರಡು ಸಾಲು ಕನ್ನಡದಲ್ಲಿ ಟೈಪ್ ಮಾಡಿ ಜತೆಗೆ ಕಳಿಸಿ.